ಎಲ್ಲರಿಗೂ ನೂರಿಪ್ಪತ್ತು–ಎಂಬತ್ತು

ಪ್ರಾಕ್ಟಿಕಲ್ ಪರೀಕ್ಷೆಗೆ ನಾಲ್ಕೇ ದಿನ. ಮಗಳು ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕಿಟಕಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

ಅಮ್ಮ ಮುಂದಿನ ಕೋಣೆಯಲ್ಲಿ ಊರವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

"ಏನೇ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ?"

ಮಗಳು ಹೇಳಿಬಿಟ್ಟಳು.

ಅವಳು ನರ್ಸಿಂಗ್ ಕಾಲೇಜಿನ ವಿದ್ಯಾರ್ಥಿನಿ. ಚಿಕ್ಕಂದಿನ ಜ್ವರದಿಂದ ಎರಡೂ ಕಿವಿ ಮಂದ. ಕೂದಲ ಮರೆಯಲ್ಲಿ ಶ್ರವಣಯಂತ್ರ ಇಟ್ಟುಕೊಳ್ಳುತ್ತಾಳೆ. ಬಿಪಿ ನೋಡುವಾಗ ತೋಳಿನ ಪಟ್ಟಿಗೆ ಗಾಳಿ ತುಂಬಿ, ನಿಧಾನವಾಗಿ ಬಿಡುತ್ತ, ಸ್ಟೆತಾಸ್ಕೋಪಿನಲ್ಲಿ ಸದ್ದು ಆಲಿಸಬೇಕು. ಶ್ರವಣಯಂತ್ರ ಇದ್ದರೆ ಸ್ಟೆತಾಸ್ಕೋಪ್ ಕಿವಿಗೆ ಕೂರದು. ತೆಗೆದರೆ ಸದ್ದೇ ಕೇಳದು. ಮೂರು ತಿಂಗಳಿಂದ ಅಭ್ಯಾಸದ ಪುಸ್ತಕದಲ್ಲಿ ಗೆಳತಿಯರೆಲ್ಲರಿಗೂ 120–80 ಎಂದೇ ಬರೆದಿದ್ದಳು.

"ಯಾರ ಹತ್ರಾನೂ ಬಾಯಿ ಬಿಡಬೇಡ," ಅಮ್ಮ ದನಿ ತಗ್ಗಿಸಿದಳು. "ಗೊತ್ತಾದ್ರೆ ಮನೆಗೆ ಕಳಿಸ್ತಾರೆ. ನಾನೇ ಹೋಗಿ ಟೀಚರ್ ಕಾಲಿಗೆ ಬೀಳ್ತೀನಿ. ಅದೊಂದು ಬಿಟ್ಟು ಮಿಕ್ಕಿದ್ದು ಕೇಳಿ ಅಂತೀನಿ."

"ಯಾಕೆ ಬಿಡ್ಬೇಕು ಅಂದ್ರೆ ಏನಂತೀಯ?"

ಅಷ್ಟರಲ್ಲಿ ಮೇಲಿನ ಮನೆಯ ಲೈಬ್ರರಿಯಮ್ಮ ತನ್ನ ಬಟ್ಟೆಗೆಂದು ಬಂದವಳು ಬಾಗಿಲಲ್ಲೇ ಈ ಮಾತು ಕೇಳಿಸಿಕೊಂಡಳು. ಅವಳಿಗೆ ಮಗಳ ಕಾಲೇಜಿನ ಲೈಬ್ರರಿಯಲ್ಲೇ ಕೆಲಸ. ವಿಕಲಚೇತನ ವಿದ್ಯಾರ್ಥಿಗಳ ಅರ್ಜಿಗಳನ್ನೂ ಅವಳೇ ನೋಡುತ್ತಾಳೆ.

"ಅಕ್ಕಾ, ಬಿಟ್ಟುಬಿಡಿ ಅಂತ ಮಾತ್ರ ಕೇಳಬೇಡಿ," ಎಂದಳು. "ಅವರು ಬಿಡಲ್ಲ. ಬಿಡಲೂಬಾರದು."

"ನೀನೂ ಅವರ ಕಡೆನೇ ಸೇರ್ಕೊಂಡ್ಯಾ ತಾಯಿ?"

"ನಾಳೆ ನೀವೇ ಆಸ್ಪತ್ರೇಲಿ ಮಲಗಿದೀರಿ ಅನ್ಕೊಳ್ಳಿ. ನರ್ಸು ಬಿಪಿ ಅಂದಾಜಿಗೆ ಬರೆದ್ರೆ?"

ಅಮ್ಮನ ಇಸ್ತ್ರಿಪೆಟ್ಟಿಗೆ ಕಾಲರ್ ಮೇಲೆಯೇ ನಿಂತಿತ್ತು. ಮಗಳು ಬೇಗ ಎತ್ತಿಟ್ಟಳು.

"ಬಿಪಿ ಸರಿಯಾಗಿ ನೋಡೋದು ಈ ಕೆಲಸದ ಜೀವಾಳ," ಎಂದಳು ಲೈಬ್ರರಿಯಮ್ಮ. "ಅದ್ರಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಆದ್ರೆ ಇದೇ ಸ್ಟೆತಾಸ್ಕೋಪಲ್ಲೇ ನೋಡ್ಬೇಕು ಅಂತೇನಿಲ್ಲ. ಸದ್ದನ್ನ ದೊಡ್ಡದು ಮಾಡಿ ಶ್ರವಣಯಂತ್ರಕ್ಕೇ ಕಳಿಸೋ ಸ್ಟೆತಾಸ್ಕೋಪ್ ಇದೆ. ಅದನ್ನ ಕೇಳೋದು ಇವಳ ಹಕ್ಕು, ಭಿಕ್ಷೆ ಅಲ್ಲ."

"ಇವಳಿಗೆ ಸುಲಭ ಮಾಡಿಕೊಟ್ರು ಅಂತ ಮಿಕ್ಕವರು ಆಡ್ಕೊಳ್ಳಲ್ವಾ?"

"ಎಲ್ಲಿ ಸುಲಭ? ಅದೇ ಪರೀಕ್ಷೆ, ಅದೇ ಅಂಕ. ತಪ್ಪಿದ್ರೆ ಅದೇ ಫೇಲು." ಹುಡುಗಿಯ ಕಡೆ ತಿರುಗಿದಳು. "ಮೊದಲೇ ಯಾಕೆ ಬರಲಿಲ್ಲ ನೀನು?"

"ನಾಚಿಕೆ ಆಯ್ತು."

ಮರುದಿನ ಅರ್ಜಿ, ಕಿವಿ ಡಾಕ್ಟರ ಪತ್ರ ಎರಡನ್ನೂ ಹಿಡಿದು ತಾಯಿ-ಮಗಳು ಟೀಚರ ಮುಂದೆ ನಿಂತರು. ಮಗಳು ಅಭ್ಯಾಸದ ಪುಸ್ತಕವನ್ನೂ ಮೇಜಿನ ಮೇಲಿಟ್ಟು, ಇದ್ದದ್ದನ್ನು ಇದ್ದಂತೆ ಹೇಳಿದಳು. ಟೀಚರ್ ಹಾಳೆ ತಿರುವಿದರು.

"ಇಡೀ ತರಗತಿಗೆ ಒಂದೇ ಬಿಪಿ! ಇಷ್ಟು ಆರೋಗ್ಯವಾಗಿರೋ ಮಕ್ಕಳನ್ನ ನಾನಂತೂ ನೋಡಿಲ್ಲ."

ಯಾರೂ ನಗಲಿಲ್ಲ. ಅವರು ಪ್ರತಿ ಹಾಳೆಗೂ ಗೀಟು ಎಳೆದರು.

"ನೀನು ಹೇಳಿದ ಸ್ಟೆತಾಸ್ಕೋಪ್ ತರಿಸ್ತೀವಿ. ಆದ್ರೆ ಇಲ್ಲಿ ಬರೆದಿರೋ ನಲವತ್ತು ಜನರ ಬಿಪೀನೂ ಹೊಸದಾಗಿ ನೋಡ್ಬೇಕು. ಆಮೇಲೇ ಪರೀಕ್ಷೆ."

ಗೆಳತಿಯರೆಲ್ಲ ಪರೀಕ್ಷೆ ಮುಗಿಸಿದರು. ಅವಳು ಕಾದಳು. ಸ್ಟೆತಾಸ್ಕೋಪ್ ಬರಲು ಎರಡು ವಾರ ಹಿಡಿಯಿತು. ಮೊದಲ ತೋಳಿನಲ್ಲೇ ಸದ್ದು ಕೇಳಿಸಿತು, ಯಾರೋ ಒಳಗಿನಿಂದ ಬಾಗಿಲು ತಟ್ಟಿದಂತೆ. ಆದರೂ ಮೊದಮೊದಲು ಲೆಕ್ಕ ತಪ್ಪುತ್ತಿತ್ತು. ತಪ್ಪಿದಾಗಲೆಲ್ಲ ಟೀಚರ್ ಮತ್ತೆ ನೋಡಿಸಿದರು.

ಪರೀಕ್ಷೆಯ ದಿನ ಮುಂದೆ ಕೂತವರು ಅಪರಿಚಿತ ಮುದುಕರೊಬ್ಬರು. ಅವಳು 146–92 ಎಂದಳು. ಟೀಚರ್ ತಾವೂ ನೋಡಿದರು: 144–92.

"ಪಾಸು," ಎಂದರು. "ಪಟ್ಟಿ ಬಿಚ್ಚಿ ಎತ್ತಿಡು."

ಮಗಳು ಬಿಪಿ ಪಟ್ಟಿ, ಸ್ಟೆತಾಸ್ಕೋಪ್ ಹಿಡಿದು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಕನಿಕರ ಪಟ್ಟು ಪಾಸು ಮಾಡಿದ್ರಾ?"

"ಎಲ್ಲಿಯ ಕನಿಕರ! ಅವರೂ ನೋಡಿ ತಾಳೆ ಹಾಕಿದ್ರು."

ಅಮ್ಮ ಒಳಗೆ ಹೋಗಿ ಇಸ್ತ್ರಿಪೆಟ್ಟಿಗೆ ಆರಿಸಿದಳು. ಕುರ್ಚಿ ಎಳೆದು ಕೂತು, ಸೆರಗು ಸರಿಸಿ ತೋಳು ಚಾಚಿದಳು.

"ಹಂಗಾದ್ರೆ ನನ್ನದೂ ನೋಡು."

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವ ವಿಕಲಚೇತನ ಮಕ್ಕಳಿದ್ದಾರೆಯೆ? ಅವರು ಕಲಿಯಲೇಬೇಕಾದುದನ್ನು ಬಿಡಿಸಬೇಡಿ. ಕಲಿಯುವ ಮತ್ತು ಕಲಿತದ್ದನ್ನು ತೋರಿಸುವ ದಾರಿಯನ್ನು ಬದಲಿಸಿಕೊಡಿ ಎಂದು ಕೇಳಿ. ಹೆಚ್ಚಿನ ಸಮಯ, ಬರೆದುಕೊಡುವವರು, ದೊಡ್ಡಕ್ಷರದ ಪ್ರಶ್ನೆಪತ್ರಿಕೆ, ಬೇರೆ ಉಪಕರಣ, ಅವರಿಗೆ ಏನು ಬೇಕೋ ಅದು. ಪರೀಕ್ಷೆ ತಲೆಯ ಮೇಲೆ ಬರುವವರೆಗೆ ಕಾಯಬೇಡಿ. ಕಾಲೇಜು ಸೇರಿದ ವಾರವೇ ಅರ್ಜಿ ಕೊಡಿ.