ಮರಳು ಮುಟ್ಟಬೇಡಿ

ಮಕ್ಕಳ ಆಸ್ಪತ್ರೆಯಲ್ಲಿ, ಚೀಟಿ ಕೊಡುವ ಕಿಟಕಿಗೂ ಎಕ್ಸ್‌ರೇ ಕೋಣೆಗೂ ನಡುವೆ, ಕಟ್ಟೆಯ ಮೇಲೆ ಉದ್ದನೆಯ ಗಾಜಿನ ತೊಟ್ಟಿಯೊಂದಿತ್ತು. ಉಪ್ಪುನೀರು, ಸಮುದ್ರದ ಮೀನು, ತಳದಲ್ಲಿ ಅರ್ಧ ಗೇಣಿಗಿಂತ ಹೆಚ್ಚು ಮರಳು. ಅದನ್ನು ನೋಡಿಕೊಳ್ಳುತ್ತಿದ್ದವಳಿಗೆ ಮಕ್ಕಳು ಇಟ್ಟ ಹೆಸರು ಮೀನಕ್ಕ. ಹದಿನಾಲ್ಕು ವರ್ಷಗಳಲ್ಲಿ ಡಾಕ್ಟರುಗಳಿಗೂ ಅದೇ ರೂಢಿಯಾಗಿಹೋಗಿತ್ತು.

ಹೊಸ ಆಡಳಿತಾಧಿಕಾರಿ ಹೋಟೆಲೊಂದರ ಉಸ್ತುವಾರಿ ಬಿಟ್ಟು ಬಂದವರು. ಅವರು ಬಂದ ಮೇಲೆ ಶೌಚಾಲಯಗಳಿಗೆ ಮೂಗು ಮುಚ್ಚಿಕೊಳ್ಳದೆ ಹೋಗುವಂತಾಯಿತು, ಹಾಸಿಗೆಗಳಿಗೆ ಒಗೆದ ಚಾದರ ಬಂತು. ತಾಯಂದಿರು ಅವರನ್ನು ಹೊಗಳುತ್ತಿದ್ದರು, ಮೀನಕ್ಕನೂ ಹೊಗಳಿದ್ದಳು. ಒಂದು ಗುರುವಾರ ಅವರು ತೊಟ್ಟಿಯ ಮುಂದೆ ಬಗ್ಗಿ ನಿಂತರು. ಮರಳಿನ ಮೇಲೆ ಕಂದು ಪೊರೆ ಕಟ್ಟಿತ್ತು. ಗಾಜಿನ ಬುಡದಲ್ಲಿ ಕಪ್ಪು ಪಟ್ಟೆಗಳು ಕಾಣುತ್ತಿದ್ದವು.

"ಸೋಮವಾರ ಟ್ರಸ್ಟಿನವರು ಬರ್ತಾರೆ. ಅಷ್ಟರಲ್ಲಿ ಇದು ಸಕ್ಕರೆ ಥರ ಬೆಳ್ಳಗಿರ್ಬೇಕು."

"ಮೇಲಿನ ಪೊರೆ ತೆಗೀತೀನಿ ಸರ್. ತಳಕ್ಕೆ ಕೈ ಹಾಕಲ್ಲ."

"ಹಾಕಲ್ಲ ಅಂದ್ರೆ? ಕೊಳಕು ಅದು."

"ಅದರೊಳಗೆ ಒಂದು ದೊಡ್ಡ ಸಂಸಾರಾನೇ ಇದೆ ಸರ್. ಸಣ್ಣ ಹುಳ, ಶಂಖದ ಹುಳ. ಮೀನಿನ ಹೊಲಸು ತಿಂದು ನೀರು ತಿಳಿಯಾಗಿಡೋದೇ ಅವು. ಆ ಕಪ್ಪಗಿರೋ ಕಡೆ ಗಾಳಿಯಾಡಲ್ಲ, ವಿಷ ಕೂತಿರುತ್ತೆ. ಕೂತಲ್ಲೇ ಬಿಟ್ರೆ ಯಾರಿಗೂ ತೊಂದ್ರೆ ಇಲ್ಲ. ಕೆದಕಿದ್ರೆ ಮೀನು ಉಳಿಯಲ್ಲ."

"ನಿಮ್ಮಿಂದ ಆಗದಿದ್ರೆ ಆಗೋರನ್ನ ಕರೆಸ್ತೀನಿ," ಎಂದು ಅವರು ಹೊರಟುಹೋದರು.

ಮೀನಕ್ಕ ಹೇಳಿದ್ದು ಎಲ್ಲೋ ಕೇಳಿದ ಮಾತಲ್ಲ. ಏಳು ವರ್ಷಗಳ ಹಿಂದೆ, ಆಗಿದ್ದ ಅಧಿಕಾರಿಯೂ ಇದನ್ನೇ ಹೇಳಿದ್ದರು. ಆಗ ಅವಳು "ಆಗಲಿ ಸರ್" ಎಂದು ತಲೆಯಾಡಿಸಿ, ಇಡೀ ಮಧ್ಯಾಹ್ನ ಪೈಪು ಹಿಡಿದು ತಳದವರೆಗೆ ಮರಳನ್ನು ಕಲಕಿದ್ದಳು. ಕೊಳೆತ ಮೊಟ್ಟೆಯ ವಾಸನೆ ಹಜಾರದ ತುಂಬ ಹಬ್ಬಿತು. ಬೆಳಗ್ಗೆ ಬಂದು ನೋಡಿದರೆ ಹತ್ತೊಂಬತ್ತರಲ್ಲಿ ಹದಿನಾರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಪಂಪು ರಿಪೇರಿ ಮಾಡುವವನು ಅವನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ಹಿಂದಿನ ಬಾಗಿಲಿನಿಂದ ಸಾಗಿಸಿದ. ಅವನು ಅವಳ ಸ್ವಂತ ತಮ್ಮ.

ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುತ್ತಿದ್ದ ಹುಡುಗಿಯೊಬ್ಬಳು ಅಂದು ಹಳದಿ ಮೀನು ಎಲ್ಲಿ ಎಂದು ಕೇಳಿದಳು.

"ಸಮುದ್ರಕ್ಕೆ ವಾಪಸ್ ಹೋಯ್ತು ಕಂದಾ."

ಹುಡುಗಿ ಅವಳ ಮುಖವನ್ನೇ ನೋಡಿ, "ಸುಳ್ಳು," ಎಂದು ಹೇಳಿ, ದೂರದ ಬೆಂಚಿಗೆ ಹೋಗಿ ಕೂತಳು. ಆಮೇಲೆ ತೊಟ್ಟಿಯ ಹತ್ತಿರ ಬರಲೇ ಇಲ್ಲ.

ಶನಿವಾರ ಬೆಳಗ್ಗೆ ದಪ್ಪ ಪೈಪು, ಎರಡು ಬಕೆಟ್ಟು ಹಿಡಿದು ಬಂದವನು ಅದೇ ತಮ್ಮ. ಕರೆಸಿದವರು ಆಡಳಿತಾಧಿಕಾರಿ.

"ಅಕ್ಕ, ಪಕ್ಕಕ್ಕೆ ಬಾ."

"ಬರಲ್ಲ."

"ಸಾಹೇಬ್ರು ಹೇಳಿದಾರೆ. ನಿನ್ನ ಹಟಕ್ಕೆ ನನ್ನ ಕೆಲಸಕ್ಕೂ ಕಲ್ಲು ಹಾಕ್ಬೇಡ."

ಮೀನಕ್ಕ ಸ್ಟೂಲು ಹತ್ತಿದಳು. ರವಿಕೆಯ ತೋಳು ಮೇಲೇರಿಸಿ, ಬಲಗೈಯನ್ನು ಭುಜದವರೆಗೂ ನೀರಿಗಿಳಿಸಿ, ಅಂಗೈಯನ್ನು ಮರಳಿನ ಮೇಲೆ ಊರಿದಳು.

"ಈಗ ಇಡು ನಿನ್ನ ಪೈಪು. ಎಲ್ಲಿಡ್ತೀಯೋ ನಾನೂ ನೋಡೇ ಬಿಡ್ತೀನಿ."

"ಎಲ್ರೂ ನೋಡ್ತಿದಾರೆ ಕಣೇ!"

"ನೋಡ್ಲಿ. ಕಾಯ್ತಾ ಕೂತೋರಿಗೆ ಬೇರೆ ಏನು ಕೆಲಸ?"

ಕಿತ್ತಳೆ ಬಣ್ಣದ ಮೀನೊಂದು ಅವಳ ಮಣಿಕಟ್ಟಿಗೆ ಬಂದು ಬಂದು ಕಚ್ಚತೊಡಗಿತು. "ನೋಡಿದ್ಯಾ, ಊಟ ಹಾಕಿದ ಕೈಯನ್ನೇ ಕಚ್ತಾನೆ. ಥೇಟ್ ನಿನ್ನ ಹಾಗೆ," ಎಂದಳು. ಬೆಂಚುಗಳಲ್ಲಿ ನಗು ಎದ್ದಿತು. ತಮ್ಮನ ಕಿವಿ ಕೆಂಪಾಯಿತು. ಅರ್ಧ ಗಂಟೆಯಾದರೂ ಅವಳು ಕೈ ತೆಗೆಯಲಿಲ್ಲ.

ಸುದ್ದಿ ಮುಟ್ಟಿ ಆಡಳಿತಾಧಿಕಾರಿ ದಾಪುಗಾಲು ಹಾಕುತ್ತಾ ಬಂದರು.

"ಕೆಳಗಿಳೀರಿ."

"ಒಂದು ಕಾಗದದಲ್ಲಿ ಬರೆದುಕೊಡಿ ಸರ್. ಮರಳು ಕೆದಕೋಕೆ ನಾನೇ ಹೇಳ್ದೆ, ಮೀನು ಸತ್ರೆ ಮಕ್ಕಳಿಗೆ ನಾನೇ ಉತ್ತರ ಕೊಡ್ತೀನಿ ಅಂತ. ಕೆಳಗೆ ರುಜು ಹಾಕಿ ಈ ಗಾಜಿಗೆ ಅಂಟಿಸಿ. ತಕ್ಷಣ ಇಳೀತೀನಿ."

"ಏನಿದು ಉದ್ಧಟತನ!"

ಮಡಿಲಲ್ಲಿ ಜ್ವರದ ಮಗುವನ್ನು ಮಲಗಿಸಿಕೊಂಡಿದ್ದ ತಾಯಿಯೊಬ್ಬಳು, "ಅವ್ರು ಹೇಳೋದು ಸುಳ್ಳಾದ್ರೆ ಬರೆದುಕೊಡೋಕೇನು ಕಷ್ಟ ಸರ್?" ಎಂದಳು. ಯಾರೋ ಹೌದು ಹೌದು ಎಂದರು.

ಆಡಳಿತಾಧಿಕಾರಿಯ ದನಿ ತಣ್ಣಗಾಯಿತು. "ಸೋಮವಾರದಿಂದ ನೀವು ಬಟ್ಟೆ ಒಗೆಯೋ ವಿಭಾಗಕ್ಕೆ. ತೊಟ್ಟಿ ಈಗಿಂದ್ಲೇ ನಿಮ್ಮ ತಮ್ಮನ ಜವಾಬ್ದಾರಿ."

ಮೀನಕ್ಕನ ಮುಖ ಬಿಳಿಚಿಕೊಂಡಿತು. ಕೈ ಮಾತ್ರ ಮರಳಿನ ಮೇಲೆಯೇ ಇತ್ತು. ಅವಳು ತಮ್ಮನ ಕಡೆ ನೋಡಿದಳು. ಅವನು ಅವಳನ್ನು ನೋಡಲಿಲ್ಲ. ಪೈಪನ್ನು ನಿಧಾನವಾಗಿ ಸುರುಳಿ ಸುತ್ತಿ ಭುಜಕ್ಕೇರಿಸಿಕೊಂಡ.

"ನನ್ನ ಜವಾಬ್ದಾರಿ ಅಂದ್ಮೇಲೆ ಕೇಳಿ ಸರ್. ನಾನೂ ಕೆದಕಲ್ಲ. ಸತ್ತ ಮೀನಿನ ಬಕೆಟ್ ಒಂದ್ಸಲ ಹೊತ್ತಿದೀನಿ, ಅಷ್ಟು ಸಾಕು. ಇಳಿಯೇ ಅಕ್ಕ, ಕೈ ಮರಗಟ್ಟುತ್ತೆ."

ಆಗ ಅವಳು ಇಳಿದಳು.

ಸೋಮವಾರ ಟ್ರಸ್ಟಿನವರು ಬಂದರು. ಕೆಟ್ಟ ಲಿಫ್ಟಿನ ಮುಂದೆ ಬಹಳ ಹೊತ್ತು ನಿಂತು, ತೊಟ್ಟಿಯ ಮುಂದೆ ಎರಡು ನಿಮಿಷ ನಿಂತು, ಮೀನು ಚೆನ್ನಾಗಿವೆ ಎಂದು ಹೇಳಿ ಹೋದರು. ಮರಳಿನ ಮಾತನ್ನು ಯಾರೂ ಎತ್ತಲಿಲ್ಲ. ಆಡಳಿತಾಧಿಕಾರಿ ಮಾತ್ರ ವರ್ಗಾವಣೆಯನ್ನು ಹಿಂದಕ್ಕೆ ಪಡೆಯಲಿಲ್ಲ. ಮೀನಕ್ಕ ನೆಲಮಾಳಿಗೆಯ ಹಬೆಯಲ್ಲಿ ನಿಂತು ಚಾದರ ಹಿಂಡತೊಡಗಿದಳು. ಸಂಜೆ ಮನೆಗೆ ಬರುವಷ್ಟರಲ್ಲಿ ಬೆರಳುಗಳು ನೆನೆದು ಸುಕ್ಕುಗಟ್ಟಿರುತ್ತಿದ್ದವು.

"ಒಂದ್ಸಲ ಕ್ಷಮಿಸಿ ಅಂದ್ರೆ ನಾಲಿಗೆ ಸವೆದುಹೋಗುತ್ತಾ?" ಎಂದು ಬಸ್ಸು ಓಡಿಸುವ ಗಂಡ ಕೇಳಿದ.

"ಒಂದ್ಸಲ 'ಆಗಲಿ ಸರ್' ಅಂದಿದ್ದಕ್ಕೇ ಏಳು ವರ್ಷ ನಿದ್ದೆ ಕೆಟ್ಟಿದೀನಿ," ಎಂದಳು. ಅವನು ಪಕ್ಕದಲ್ಲಿ ಬಂದು ಕೂತ. ಅವಳ ಬೆರಳಿಗೆ ಎಣ್ಣೆ ಹಚ್ಚಿಕೊಟ್ಟ.

ಮೂರು ವಾರದ ಮೇಲೆ ಕಚೇರಿಯಿಂದ ಅಚ್ಚು ಹಾಕಿದ ಕ್ಷಮಾಪಣೆಯ ಕಾಗದ ಬಂತು. ರುಜು ಹಾಕಿದರೆ ಹಳೆಯ ಕೆಲಸ ವಾಪಸ್. ಅವಳು ರುಜು ಹಾಕುವ ಜಾಗದಲ್ಲಿ, "ಮೇಲಿನ ಪೊರೆಯನ್ನು ವಾರಕ್ಕೊಮ್ಮೆ ತೆಗೆಯಬೇಕು. ತಳ ಮುಟ್ಟಬಾರದು. ಕ್ಷಮೆ ಕೇಳುವಂಥದ್ದು ನಾನೇನೂ ಮಾಡಿಲ್ಲ," ಎಂದು ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದಳು.

ಉತ್ತರ ಬರಲಿಲ್ಲ. ಅವಳೂ ಕಾಯಲಿಲ್ಲ. ಈಗಲೂ ಮಧ್ಯಾಹ್ನದ ಬಿಡುವಿಗೆ ಮೆಟ್ಟಿಲು ಹತ್ತಿ ಬಂದು, ತೊಟ್ಟಿಯ ಎದುರಿನ ಬೆಂಚಿನಲ್ಲಿ ಮಕ್ಕಳ ನಡುವೆ ಕೂತು ಊಟದ ಡಬ್ಬಿ ಬಿಚ್ಚುತ್ತಾಳೆ. ಆಡಳಿತಾಧಿಕಾರಿ ಅದೇ ಹೊತ್ತಿಗೆ ಆ ದಾರಿಯಲ್ಲಿ ಹಾದುಹೋಗುತ್ತಾರೆ. ಉಳಿದ ನೌಕರರೆಲ್ಲ ದಡಬಡಿಸಿ ಏಳುತ್ತಾರೆ. ಮೀನಕ್ಕ ಏಳುವುದಿಲ್ಲ.