ಬೂದಿ ಬುಧವಾರದ ಬಸ್ಸು

ಬೂದಿಯ ಒಂದು ಕಣ ಹುಬ್ಬಿನಿಂದ ಜಾರಿ ರೆಪ್ಪೆಯ ಮೇಲೆ ಕೂತಿದೆ, ಒರೆಸುವ ಹಾಗಿಲ್ಲ, ಸಂಜೆತನಕ ಒರೆಸಕೂಡದೆಂದು ಅವ್ವನ ಕಟ್ಟಪ್ಪಣೆ, ಚಿನ್ನಪ್ಪ ಕಣ್ಣು ಪಿಳಿಪಿಳಿ ಬಿಟ್ಟ, ಕಣ ಇನ್ನಷ್ಟು ಒಳಗೆ ಬಂತು — ದೇವರ ಬೂದಿಯಾದರೂ ಕಣ್ಣಿಗೆ ಬಿದ್ದರೆ ಉರಿಯುವುದು ಉರಿಯುವುದೇ, ಬೂದಿಯೆಲ್ಲ ಕಣ್ಣುರಿ, ಇದು ಬೂದಿ, ಆದ್ದರಿಂದ ಇದೂ ಕಣ್ಣುರಿ, ಬಿ.ಎ. ಎರಡನೇ ವರ್ಷದ ತರ್ಕಶಾಸ್ತ್ರ ಕಾಮಗೆರೆಯ ಬಸ್ ಸ್ಟಾಪಿನಲ್ಲಿ ಇಷ್ಟಕ್ಕಾದರೂ ಬಂತಲ್ಲ. ಚರ್ಚಿನ ಸ್ವಾಮಿಯೋರ ಹೆಬ್ಬೆರಳು ಇವತ್ತು ಜೋರಾಗಿಯೇ ಒತ್ತಿತ್ತು, ಮಿಕ್ಕವರ ಹಣೆಗೆಲ್ಲ ಹೂವಿಟ್ಟ ಹಾಗೆ ಇಟ್ಟು ಅವನ ಹಣೆಗೆ ಮಾತ್ರ ಪೋಸ್ಟಾಫೀಸಿನ ಮೊಹರು ಕುಟ್ಟಿದ ಹಾಗೆ, ನೀನು ಮಣ್ಣು, ಮತ್ತೆ ಮಣ್ಣಿಗೇ ಹೋಗ್ತೀಯ, ನೆನಪಿರಲಿ — ಚಿಕ್ಕಂದಿನಲ್ಲಿ ಇದನ್ನೇ ಲ್ಯಾಟಿನ್ನಿನಲ್ಲಿ ಹೇಳುವಾಗ ಒಂದಕ್ಷರ ತಿಳಿಯದೆ ಮೈ ಜುಮ್ಮೆನ್ನುತ್ತಿತ್ತು, ಈಗ ಕನ್ನಡದಲ್ಲಿ ಹೇಳಿದರೆ ಪಕ್ಕದ ಮನೆಯ ತಾತ ಬೈದ ಹಾಗಿರುತ್ತದೆ, ಭಯ ಹೋಗಿ ಮರ್ಯಾದೆಯಷ್ಟೇ ಉಳಿದಿದೆ. ಹೋದ ವರ್ಷ ಈಸ್ಟರಿಗೆ ಮುಂಚಿನ ಗರಿ ಹಬ್ಬದಲ್ಲಿ ಹಂಚಿದ ಗರಿಗಳನ್ನು ಸುಟ್ಟ ಬೂದಿ ಇದು, ಅವ್ವ ಹೆಣೆದ ಗರಿಯ ಶಿಲುಬೆಯೂ ಇದರೊಳಗೆ ಎಲ್ಲೋ ಇದೆ, ವರ್ಷವಿಡೀ ರೇಷ್ಮೆ ಹುಳುವಿನ ತಟ್ಟೆಗಳ ಮೇಲೆ ಸೂರಿಗೆ ಸಿಕ್ಕಿಸಿಕೊಂಡಿತ್ತು, ಹುಳುವಿಗೆ ರೋಗ ಬರದಿರಲಿ ಅಂತ, ಹುಳುವಿಗೇನೋ ಬರಲಿಲ್ಲ, ಬಂದದ್ದೆಲ್ಲ ಅವಳ ಮಗನಿಗೆ. ಮೂಸಿದರೆ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬರಬಹುದು, ಆದರೆ ತನ್ನ ಹಣೆಯನ್ನು ತಾನೇ ಮೂಸಿಕೊಳ್ಳುವ ವಿದ್ಯೆಯನ್ನು ಕಾಲೇಜಿನಲ್ಲಿ ಇನ್ನೂ ಕಲಿಸಿಲ್ಲ.

ಯಾಕ್ಲಾ ಸತ್ಪ್ರಸಾದ ತಕಳ್ನಿಲ್ಲ, ಚರ್ಚಿನ ಬಾಗಿಲಲ್ಲೇ ಹಿಡಿದಳು ಅವ್ವ, ಊರಿಗೆ ಊರೇ ಎದ್ದು ಸಾಲಿಗೆ ನಿಂತಾಗ ನೀನೊಬ್ಬ ಗೂಟ ಹೊಡೆದಂಗೆ ಕೂತಿದ್ಯಲ್ಲ, ಏನು ಪಾಪ ಕಟ್ಕಂಡಿದ್ದೀಯ — ಬೆಳಗ್ಗೆ ಬೆಲ್ಲ ತಿಂದ್ಬುಟ್ಟೆ ಕಣವ್ವ, ತಿಂದು ತಕಳಂಗಿಲ್ವಲ್ಲ, ಅಂದುಬಿಟ್ಟ, ಸುಳ್ಳಿನ ಮೇಲೆ ಇನ್ನೊಂದು, ಅದೂ ಬೆಲ್ಲದಂಥ ಸುಳ್ಳು, ಬೂದಿ ಬುಧವಾರ ಬೆಲ್ಲ ತಿಂತಾರೇನ್ಲಾ ಎಂದು ತಲೆಯ ಮೇಲೊಂದು ಕುಟ್ಟಿದಳು, ಆಮೇಲೆ ಅದೇ ಕೈಯ ಹೆಬ್ಬೆರಳಿಂದ, ಸೊಪ್ಪು ಕೊಚ್ಚಿ ಕೊಚ್ಚಿ ಹಸಿರುಗಟ್ಟಿದ ಉಗುರಿನ ಹೆಬ್ಬೆರಳಿಂದ, ಬೂದಿಗೆ ತಾಗದ ಹಾಗೆ ಮೇಲೊಂದು ಸಣ್ಣ ಶಿಲುಬೆ ಗುರುತು ಹಾಕಿ ಕಳಿಸಿದಳು. ನಿಜ ಏನೆಂದರೆ ನಿನ್ನೆ ಸಂಜೆ ಪಾಪನಿವೇದನೆಗೆ ಮಂಡಿಯೂರಿದ್ದ, ಸ್ವಾಮೀ ಸುಳ್ಳು ಹೇಳಿದ್ದೀನಿ, ಎಷ್ಟು ಸಲ, ದಿನಾ ಸ್ವಾಮಿ, ಯಾರಿಗೆ, ಕೊಳ್ಳೇಗಾಲದ ರೂಮಿನ ಯಜಮಾನಿಗೆ, ಏನಂತ, ನಾನು ಮಾದಪ್ಪನ ಒಕ್ಕಲು ಅಂತ. ಜಾಲರಿಯ ಆಚೆ ಕೆಮ್ಮೋ ನಗೆಯೋ ತಿಳಿಯದ ಸದ್ದು, ಆಮೇಲೆ ಸ್ವರ ಗಟ್ಟಿಯಾಯಿತು — ಒಂದೂವರೆ ವರ್ಷದಿಂದ ಇದೇ ಪಾಪ ತರ್ತಾ ಇದ್ದೀಯ, ನಾನೂ ಅದೇ ಮೂರು ಜಪ ಕೊಟ್ಟು ಕಳಿಸ್ತಾ ಇದ್ದೀನಿ, ಇದೇನು ಪಾಪನಿವೇದನೆಯಾ ಬಸ್ ಪಾಸಾ, ತಿಂಗಳಿಗೊಂದ್ಸಲ ಬಂದು ರಿನ್ಯೂ ಮಾಡಿಸ್ಕೊಂಡು ಹೋಗೋಕೆ, ಹೋಗು, ಆ ತಾಯಿಗೆ ನಿಜ ಹೇಳಿ ಬಾ, ಆಮೇಲೆ ಕ್ಷಮೆ, ಅಲ್ಲೀತನಕ ಸತ್ಪ್ರಸಾದದ ಸಾಲಿಗೆ ಬರಬೇಡ. ಈಸ್ಟರಿಗೆ ಇನ್ನು ಒಂದೂವರೆ ತಿಂಗಳು, ಪರೀಕ್ಷೆಗೂ ಹೆಚ್ಚುಕಮ್ಮಿ ಅಷ್ಟೇ, ನಿಜ ಹೇಳಿದರೆ ಪರೀಕ್ಷೆಯ ಬಾಯಲ್ಲಿ ರೂಮು ಹೋಗುತ್ತದೆ, ಹೇಳದಿದ್ದರೆ ಈಸ್ಟರ್ ಹಬ್ಬದಲ್ಲಿ ಊರೆಲ್ಲ ಎದ್ದಾಗ ಅವನೊಬ್ಬ ಕೂತಿರುತ್ತಾನೆ, ಅವ್ವ ನೋಡುತ್ತಾಳೆ — ಅತ್ತ ದರಿ, ಇತ್ತ ಪುಲಿ, ಹುಲಿಯ ಮೇಲೆ ಬೇರೆ ಮಾದಪ್ಪ ಕೂತಿದ್ದಾನೆ. ದೇವರು ಇದ್ದಾನೋ ಇಲ್ಲವೋ ಎನ್ನುವುದರಲ್ಲಿ ತರ್ಕದ ಮೇಷ್ಟ್ರು ಬಂದ ಮೇಲೆ ಅವನಿಗೆ ಅರ್ಧ ಅನುಮಾನ, ಅವ್ವ ಇದ್ದಾಳೆ ಎನ್ನುವುದರಲ್ಲಿ ಯಾವ ಅನುಮಾನವೂ ಇಲ್ಲ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ಒಂದು ರೂಮಿಗೆ ಎಷ್ಟು ಅಂತ ಯಾರೂ ಹೇಳಿಲ್ಲ. ರೂಮು ಕೇಳಲು ಹೋದ ದಿನ ಕೊಳ್ಳೇಗಾಲದ ನೇಕಾರರ ಬೀದಿಯ ಆ ಮನೆಯ ಜಗಲಿಯಲ್ಲಿ ಯಜಮಾನಿ ಮಹಾಲಕ್ಷ್ಮಮ್ಮ ರೇಷ್ಮೆ ನೂಲು ಸುತ್ತುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ, ಓಡಿ ಓಡಿ ನೂಲು ಆಕೆಯ ಹೆಬ್ಬೆರಳಲ್ಲಿ ಒಂದು ಗೀರು ಕೊರೆದಿತ್ತು, ಆ ಗೀರನ್ನೇ ನೋಡುತ್ತ ನಿಂತಿದ್ದ ಅವನು, ಯಾವ ದೇವರ ಒಕ್ಕಲಪ್ಪ ನೀವು, ಎಂದು ಕೇಳಿದಾಗ ಕಣ್ಣು ಮೇಲೆ ಹೋಯಿತು, ಗೋಡೆಯ ಕ್ಯಾಲೆಂಡರಿನಲ್ಲಿ ಹುಲಿ ಸವಾರಿ, ಮಾದಪ್ಪ, ಅಂದ. ಅಷ್ಟೇ. ಕ್ಯಾಲೆಂಡರಿನಲ್ಲಿ ಸೋಪಿನ ಜಾಹೀರಾತಿದ್ದಿದ್ದರೆ ಏನೆನ್ನುತ್ತಿದ್ದನೋ. ಹೋದ ವರ್ಷ ಇದ್ದೋನು ರೂಮಲ್ಲಿ ಮೊಟ್ಟೆ ಬೇಯ್ಸಿದ ಕಣಪ್ಪ, ಅವನ ಟ್ರಂಕ್ ಬೀದಿಗೆ ಎಸೆದು ಗೋಡೆಗೆಲ್ಲ ಗಂಜಲ ಎರಚಿದೀನಿ, ಸದ್ಯ ನೀನು ನಮ್ಮೋನು, ಎಂದು ಬೀಗದ ಕೈ ಕೊಟ್ಟಳು. ಅವತ್ತಿಂದ ನಮ್ಮೋನು. ಸೋಮವಾರ ಸೋಮವಾರ ಅವನಿಗೆ ಒಗ್ಗರಣೆ ಅವಲಕ್ಕಿ, ಭಾನುವಾರ ಚರ್ಚಿನ ಪೂಜೆಗೆ ಹೋಗಲು ಬೇರೆ ದಾರಿ ಕಾಣದೆ ಎನ್.ಸಿ.ಸಿ. ಪರೇಡು ಅಂದುಬಿಟ್ಟ, ಖಾಕಿ ಚಡ್ಡಿ ಬೂಟು ಹಾಕಿಕೊಂಡೇ ಚರ್ಚಿಗೆ ಹೋಗುತ್ತಾನೆ, ಎಲ್ಲರೂ ಬರಿಗಾಲಲ್ಲಿ ಮೆಲ್ಲಗೆ ಹೋಗುವ ಸತ್ಪ್ರಸಾದದ ಸಾಲಿನಲ್ಲಿ ಅವನದೊಂದೇ ಟಕ್ ಟಕ್, ಮುದುಕಿಯರು ತಿರುಗಿ ನೋಡುತ್ತಾರೆ, ಯುದ್ಧ ಇನ್ನೂ ಮುಗೀಲಿಲ್ವಾ ಅಂತ ಒಬ್ಬಳು ಕೇಳಿಯೂ ಕೇಳಿದಳು. ಒಮ್ಮೆ ಆಕೆಯ ಕಣ್ಣಿಗೆ ಜಪಸರ ಬಿದ್ದಾಗ ಶಿಲುಬೆಯನ್ನು ಮುಷ್ಟಿಯಲ್ಲಿ ಮುಚ್ಚಿ ಮಣಿಗಳನ್ನಷ್ಟೇ ತೋರಿಸಿದ, ಈ ಕಾಲದಲ್ಲೂ ಇಂಥ ಹುಡುಗರು ಅವ್ರಲ್ಲಾ ಎಂದು ಆಕೆ ಕಣ್ಣೊರೆಸಿಕೊಂಡಳು, ಬೀದಿಗೆಲ್ಲ ಹೇಳಿಕೊಂಡು ಬಂದಳು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಮಾಂಸ ಮುಟ್ಟುವುದಿಲ್ಲ, ಹಾಗಾಗಿ ವರ್ಷಕ್ಕೆ ನಲವತ್ತು ದಿನವಾದರೂ ಅವನ ಸುಳ್ಳಿಗೆ ರಜ. ಜ್ವರ ಬಂದು ಮಲಗಿದ್ದಾಗ ಮೂರು ರಾತ್ರಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಳಲ್ಲ, ಅದು ನೆನಪಾದಾಗಲೆಲ್ಲ ಚಿನ್ನಪ್ಪನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಬಸ್ಸು ಬಂತು, ಮಾದಪ್ಪನ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಹೋಗುವ ಬಸ್ಸು, ಹನೂರಿನಲ್ಲೇ ತುಂಬಿ ತುಳುಕಿ ಬಂದಿದೆ, ಶಿವರಾತ್ರಿ ಮುಗಿಸಿ ಅಮಾಸೆ ಪೂಜೆ ಮುಗಿಸಿ ಇಳಿದ ಜನ, ಒಳಗೆ ಕಾಲಿಟ್ಟರೆ ಹಣೆ ಹಣೆಯಲ್ಲೂ ವಿಭೂತಿ, ಕಂಡಕ್ಟರಿನ ಹಣೆಯಲ್ಲೂ — ಅಬ್ಬ, ಇಡೀ ಬಸ್ಸಿನಲ್ಲಿ ಅವನ ಬೂದಿಯನ್ನು ಯಾಕೆ ಅಂತ ಕೇಳುವವರಿಲ್ಲ, ಬೂದಿಯೊಳಗೆ ಬೂದಿ, ದೇವರು ಇದ್ದಾನೆ, ಮುಕ್ಕಾಲು ಪಾಲು ಇದ್ದಾನೆ, ಎಂದುಕೊಳ್ಳುವಷ್ಟರಲ್ಲಿ, ಏ ಚಿನ್ನಪ್ಪಾ, ಇಲ್ಲಿ ಬಾರ್ಲಾ ಮಗ, ಇಲ್ಲಿ, ಮೂರನೇ ಸೀಟಿನಲ್ಲಿ ಮಹಾಲಕ್ಷ್ಮಮ್ಮ. ಆಕೆಯೇ. ಮಡಿಲಲ್ಲಿ ಗಂಟು, ಗಂಟಿನ ಮೇಲೆ ಬಾಳೆಹಣ್ಣು. ನಲವತ್ತು ದಿನ ಟೈಮಿದೆ ಎಂದುಕೊಂಡಿದ್ದನಲ್ಲ, ನಾಲ್ಕು ನಿಮಿಷವೂ ಇಲ್ಲ. ಪಕ್ಕದವರನ್ನು ಒತ್ತರಿಸಿ ಜಾಗ ಮಾಡಿದಳು, ಹಣೆ ನೋಡಿದಳು, ಮುಖ ಅರಳಿತು, ಬೆಟ್ಟಕ್ಕೆ ಓಗ್ತೀನಿ ಅಂತ ಒಂದು ಮಾತು ಯೇಳ್ಬಾರ್ದಾ, ಜೊತೇಲೇ ಬರ್ತಿದ್ವಲ್ಲೋ, ಕಾಮಗೆರೇಲಿ ಯಾಕೆ ಇಳ್ಕಂಡಿದ್ದೆ — ನಮ್ಮವ್ವನ್ನ ನೋಡೋಕೆ ಅಮ್ಮಾ, ಅಂದ, ಇದೊಂದು ನಿಜ, ಒಂದೂವರೆ ವರ್ಷದಲ್ಲಿ ಆಕೆಗೆ ಹೇಳಿದ ಮೊದಲನೇ ನಿಜ, ಅದೂ ಸುಳ್ಳಿನ ಮನೆಗೇ ತೊಲೆಯಾಯಿತು. ಇದೇನ್ಲಾ ಇಷ್ಟು ಕಪ್ಪಗೆ, ವಿಭೂತಿ ನೆಟ್ಟಗೆ ಇಟ್ಕಳಕೂ ಬರಕಿಲ್ವಾ, ತಲೆ ಬಗ್ಗಿಸು, ಎಂದು ಗಂಟು ಬಿಚ್ಚಿ ಚಿಟಿಕೆ ತೆಗೆದು ಎಡದಿಂದ ಬಲಕ್ಕೆ ಮೂರು ಬೆರಳು ಎಳೆದೇ ಬಿಟ್ಟಳು, ಕೊನೆಗೆ ನಡುವೆ ಹೆಬ್ಬೆರಳು ಒತ್ತಿದಳು, ನೂಲಿನ ಗೀರು ಚರ್ಮಕ್ಕೆ ತಾಗಿದ್ದು ಗೊತ್ತಾಯಿತು. ಉಘೇ ಮಾದಪ್ಪ, ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು, ಉಘೇ ಎಂದಿತು ಬಸ್ಸು, ನೀನೂ ಅನ್ನೋ ಮಗ, ಎಂದಳು ಆಕೆ.

ಅವನ ಬಾಯಿ ಅರ್ಧ ತೆರೆದು ಅಲ್ಲೇ ನಿಂತಿತು. ಬಾಯೊಳಗೆ ಬಾಳೆಹಣ್ಣು ಹೋಗುವಷ್ಟು ಜಾಗ ಕಂಡದ್ದರಿಂದಲೋ ಏನೋ ಆಕೆ ಹಣ್ಣನ್ನು ಕೈಗೆ ತುರುಕಿದಳು, ಪ್ರಸಾದ, ತಿನ್ನು — ಇವತ್ತು ಅವನಿಗೆ ಉಪವಾಸ, ಅದರ ಮೇಲೆ ಬೇರೆ ದೇವರ ಪ್ರಸಾದ, ಅವ್ವ ಕಂಡರೆ ಹಿಪ್ಪುನೇರಳೆ ಕಡ್ಡಿ ಮುರಿಯುತ್ತಾಳೆ, ಹೊಟ್ಟೆ ಮಾತ್ರ ಯಾವ ದೇವರದು ಅಂತ ನೋಡದೆ ಗುರ್ ಅಂದಿತು, ಹಣ್ಣು ಕೈಯಲ್ಲಿ ಬೆಚ್ಚಗಾಗುತ್ತಿದೆ, ಕೆಳಗೆ ಸ್ವಾಮಿಯೋರ ಬೂದಿ, ಮೇಲೆ ಮಾದಪ್ಪನ ವಿಭೂತಿ, ನಡುವೆ ಸಿಕ್ಕಿಕೊಂಡವನು ಬಿ.ಎ. ಎರಡನೇ ವರ್ಷ, ಅವನು ಯಾರು ಎಂದು ಯಾರಾದರೂ ಈಗ ಅವನ ಹಣೆ ನೋಡಿ ಹೇಳಲಿ. ಹೇಳಬೇಕು. ಬೇಡ, ಪರೀಕ್ಷೆ ಮುಗಿಯಲಿ. ಈ ಮನೆ ಬಿಟ್ಟರೆ ಎಲ್ಲಿ ಓದುವುದು, ಬಸ್ ಸ್ಟ್ಯಾಂಡಿನ ದೀಪದ ಕೆಳಗೆ ಓದಿ ದೊಡ್ಡವರಾದವರ ಕಥೆ ಇದೆ, ಸೊಳ್ಳೆ ಕಚ್ಚಿ ಫೇಲಾದವರ ಕಥೆಯನ್ನು ಯಾರೂ ಬರೆಯಲಿಲ್ಲ. ಪಕ್ಕದಲ್ಲಿ ಆಕೆ ಹೇಳುತ್ತಲೇ ಇದ್ದಾಳೆ, ನಿನ್ನ ಎಸರಲ್ಲಿ ಅರಕೆ ಕಟ್ಕಂಡೆ ಕಣೋ, ಎರಡು ಗಂಟೆ ಸಾಲಲ್ಲಿ ನಿಂತು ಅವ್ನ ಮುಂದೆ ಕೈ ಮುಗ್ದು, ನಿನ್ನ ಒಕ್ಕಲ ಮಗ ಕಣಪ್ಪ, ನನ್ನ ಮನೇಲವ್ನೆ, ಪಾಸ್ ಮಾಡ್ಸು, ಪಾಸಾದ್ರೆ ಮಂಡಿ ನೋವಾದ್ರೂ ಸೈ ನಡ್ಕಂಡೇ ಬೆಟ್ಟ ಅತ್ತೀನಿ ಅಂದೆ — ಆ ಮಂಡಿ ಅವನಿಗೆ ಗೊತ್ತು, ಸಂಜೆ ಸಂಜೆ ಆಕೆ ಎಣ್ಣೆ ತಿಕ್ಕುವ ಮಂಡಿ, ತನ್ನ ಸುಳ್ಳು ಆ ಮಂಡಿಯ ಮೇಲೆ ಬೆಟ್ಟ ಹತ್ತುವುದನ್ನು ನೋಡಲಾರ. ಅಮ್ಮಾ, ನಾನು ಮಾದಪ್ಪನ ಒಕ್ಕಲಲ್ಲ, ಅಂದ. ಇಂಜಿನ್ನಿನ ಗದ್ದಲ, ಏನಂದೆ, ಜೋರಾಗಿ ಯೇಳು, ಒಕ್ಕಲಲ್ಲ ಅಮ್ಮಾ, ಕೇಳಿಸ್ನಿಲ್ಲ ಮಗ, ಇರುವ ಉಸಿರೆಲ್ಲ ಕೂಡಿಸಿ ಬಾಯಿ ತೆರೆದ, ಆ ಗಳಿಗೆಗೆ ಸರಿಯಾಗಿ ಡ್ರೈವರು ಮಧುವನಹಳ್ಳಿಯಲ್ಲಿ ಇಂಜಿನ್ ಆಫ್ ಮಾಡಿದ, ನಾನು ಕ್ರಿಸ್ತರವನು ಅಮ್ಮಾ, ಎಂದು ಚಿನ್ನಪ್ಪ ಕಿರುಚಿದ್ದು ಟಾಪಿನ ಮೇಲೆ ಮೂಟೆ ಇಳಿಸುತ್ತಿದ್ದವನಿಗೂ ಕೇಳಿಸಿತು.

ಮಹಾಲಕ್ಷ್ಮಮ್ಮ ಗಂಟು ಬಿಗಿಯಾಗಿ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಅಂಗಾರೆ ಎನ್ಸೀಸಿ? ಚರ್ಚು ಅಮ್ಮಾ. ಜಪದ ಸರ? ಮರಿಯಮ್ಮನದು. ಊರಿಗೆ ಓದಾಗ ಕೋಳಿ ತಿಂತಿದ್ಯಾ? ತಿಂತಿದ್ದೆ. ರೂಮಲ್ಲಿ ಮೊಟ್ಟೆ? ಇಲ್ಲ ಅಮ್ಮಾ, ಒಂದು ದಿನವೂ ಇಲ್ಲ, ಆಣೆ. ಯಾರ ಮೇಲೆ ಆಣೆ ಇಟ್ಟೀಯ ಈಗ, ಎಂದಳು, ಅವನು ಬಾಳೆಹಣ್ಣನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಟ್ರಂಕು ಬೀದಿಗೆ ಬಿದ್ದದ್ದು ಕಣ್ಣಿಗೆ ಕಾಣುತ್ತಿದೆ, ಪುಸ್ತಕ, ಖಾಕಿ ಚಡ್ಡಿ, ಗಂಜಲ. ಆದರೆ ಆಕೆ ಅಳುತ್ತಿದ್ದಳು, ಕ್ರಿಸ್ತರೋನಾದ್ರೆ ಆಗು, ನಿನ್ನ ಕರ್ಮ, ನನ್ನ ಬಾಯಲ್ಲಿ ಅವ್ನ ಮುಂದೆ ಸುಳ್ಳಾಡ್ಸಿದ್ಯಲ್ಲೋ ಪಾಪಿ, ನಿನ್ನ ಒಕ್ಕಲು ಅಂತ ಯೇಳ್ಬುಟ್ನಲ್ಲೋ, ಅರವತ್ತು ವರ್ಷದಲ್ಲಿ ಒಂದಿನ ಅವ್ನಿಗೆ ಸುಳ್ಳೇಳಿರ್ನಿಲ್ಲ. ಒಂದೂವರೆ ವರ್ಷದಲ್ಲಿ ಸ್ವಾಮಿಯೋರೂ ಅವನನ್ನು ಪಾಪಿ ಅಂದಿರಲಿಲ್ಲ, ಈಗ ಅಂದದ್ದು ಎದೆಗೆ ನಾಟಿತು, ತಪ್ಪಾಯ್ತು ಅಮ್ಮಾ, ಎಂದು ಅವನೂ ಅತ್ತುಬಿಟ್ಟ, ಕೈಯಲ್ಲಿ ಬಾಳೆಹಣ್ಣು ಹಿಡಿದುಕೊಂಡೇ. ಹಿಂದಿನ ಸೀಟಿನ ಮುದುಕ, ಬುಡವ್ವ, ಮಾದಪ್ಪನಿಗೆ ಎಲ್ಲ ಗೊತ್ತಿರ್ತದೆ, ಅಂದ, ನೀನು ಸುಮ್ಕಿರಣ್ಣ, ಗೊತ್ತಿದ್ರೂ ನಾವು ಯೇಳ್ಬೇಕು, ಎಂದು ಆಕೆ ಸೆರಗಿನಲ್ಲಿ ಮೂಗೊರೆಸಿ ತೀರ್ಪು ಕೊಟ್ಟಳು — ಬರೋ ಅಮಾಸೆಗೆ ನನ್ನ ಜೊತೆ ಬೆಟ್ಟಕ್ಕೆ ಬತ್ತೀಯ, ಅವ್ನ ಮುಂದೆ ನಿಂತ್ಕಂಡು ನಿನ್ನ ಬಾಯಲ್ಲೇ ನಿಜ ಯೇಳ್ತೀಯ, ಅವ್ಳು ಯೇಳಿದ್ದಲ್ಲ ಸುಳ್ಳು, ನಾನು ಯೇಳಿದ್ದು ಅಂತ, ಅಲ್ಲೀಗಂಟ ರೂಮ್ ಗೀಮ್ ಬುಟ್ಟೀಯ, ಕಾಲು ಮುರೀತೀನಿ, ಪಾಸಾಗ್ದೆ ಓದ್ರೂ ಮುರೀತೀನಿ, ಅರಕೆ ಅರಕೇನೆ. ಚರ್ಚಿನಲ್ಲಿ ಕ್ಷಮೆ ಬೇಕಾದರೆ ಈ ಅಮ್ಮನಿಗೆ ನಿಜ, ಈ ಅಮ್ಮನ ಕ್ಷಮೆ ಬೇಕಾದರೆ ಬೆಟ್ಟ, ಬೆಟ್ಟಕ್ಕೆ ಹೋದದ್ದನ್ನು ಮತ್ತೆ ಸ್ವಾಮಿಯೋರಿಗೆ ಹೇಳಬೇಕು, ಅವರು ಈ ಸಲ ಕೆಮ್ಮುತ್ತಾರೋ ನಗುತ್ತಾರೋ — ಬಸ್ಸು ಹೊರಟಿತ್ತು, ದೂರದಲ್ಲಿ ಕೊಳ್ಳೇಗಾಲದ ಮರಡಿಗುಡ್ಡ ಕಾಣುತ್ತಿತ್ತು, ಚಿನ್ನಪ್ಪನಿಗೆ ಹಗುರವಾಗಿತ್ತು, ನಗುವೂ ಬರುತ್ತಿತ್ತು. ಅಲ್ಲಾ, ನಿಮ್ಮೋರು ಬೂದಿ ಇಟ್ಕಂತಾರಾ, ಎಂದಳು ಆಕೆ ಹಣೆಯನ್ನೇ ನೋಡುತ್ತಾ. ಇವತ್ತೊಂದಿನ ಅಮ್ಮಾ, ಸಂಜೆಗಂಟ ಒರಸಂಗಿಲ್ಲ. ಅಯ್ಯೋ ಶಿವನೇ, ಅದರ ಮ್ಯಾಲೆ ಇಟ್ಬುಟ್ನಲ್ಲೋ, ನಿಮ್ಮವ್ವ ಏನಂದಾಳು, ತಲೆ ಎತ್ತು, ನಮ್ದ ತೆಗೆದ್ಬುಟ್ಟೀನಿ, ಅಲ್ಲಾಡಬ್ಯಾಡ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿದಳು, ಹಣೆಯ ಹತ್ತಿರ ತಂದಳು, ನಿಲ್ಲಿಸಿದಳು, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಇದ್ರಲ್ಲಿ ಯಾವ್ದು ನಮ್ದು ಯಾವ್ದು ನಿಮ್ದು ಮಗ — ಅವನಿಗೆ ಹೇಗೆ ಗೊತ್ತು, ಕಣ್ಣ ಮುಂದೆ ಹೆಬ್ಬೆರಳು, ಎಂಜಲಿಗೆ ಒದ್ದೆಯಾದ ಹೆಬ್ಬೆರಳು, ನೂಲು ಓಡಿದ ಗೀರಿನಲ್ಲಿ ಬೂದಿ ತುಂಬಿದೆ, ಬಸ್ಸು ಕುಲುಕಿದರೂ ಅಲ್ಲಾಡದೆ, ಹಣೆಗೆ ಒಂದೇ ಬೆರಳು ದೂರದಲ್ಲಿ, ಹೆಬ್ಬೆರಳು.