ಕೇತಯ್ಯನ ವಿಡಿಯೊ

“ಮೂರು ಬಾಟ್ಲು ಕೊಡವ್ವ, ದೊಡ್ಡವೇ ಕೊಡು. ಮಾತ್ರೆ ಬುಟ್ಟು ತಿಂಗ್ಳಾಯ್ತು. ಈಗ ಜೇನು ತಪ್ಪುದ್ರೆ ಆಗಕಿಲ್ಲ.”

ಪವಿತ್ರಳ ಕೈ ಬಾಟಲಿಯ ಮೇಲೇ ನಿಂತಿತು. ಯಳಂದೂರಿನ ಆ ಪುಟ್ಟ ಮಳಿಗೆಯಲ್ಲಿ ಬೆಟ್ಟದ ಸೋಲಿಗರ ಸಂಘದ ಜೇನು ಮಾರುವುದು, ಆನ್‌ಲೈನ್ ಆರ್ಡರ್ ಕಳಿಸುವುದು ಎರಡೂ ಅವಳದೇ ಕೆಲಸ.

“ಯಾವ ಮಾತ್ರೆ, ದೊಡ್ಡವ್ವ?”

“ಸಕ್ರೆ ಕಾಯ್ಲೆದು. ನಮ್ಮೆಜಮಾನ್ರಿಗೆ.” ಹೊನ್ನೂರಿನಿಂದ ಬಂದಿದ್ದ ಚಾಮುಂಡಮ್ಮ ಹೊರಗಿದ್ದ ಆಟೋ ಕಡೆ ಕೈ ತೋರಿಸಿದಳು. ಅವಳ ಗಂಡ ಚಿಕ್ಕಸಿದ್ದಯ್ಯ ಒಂದು ಕಾಲನ್ನು ಹೊರಕ್ಕೆ ಚಾಚಿ ಕುಳಿತಿದ್ದ. ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ಹಳದಿಯಾಗಿ ನೆನೆದಿತ್ತು. ಅದರ ಪಕ್ಕದ ಚರ್ಮ ಕಪ್ಪಗೆ ಹೊಳೆಯುತ್ತಿತ್ತು. ಬಿ.ಎಸ್ಸಿ.ಯಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದಿದ್ದ ಪವಿತ್ರಳಿಗೆ ಕಾಲು ಕೊಳೆಯುತ್ತಿದೆಯೆಂದು ಆ ಹೊಳಪಿನಿಂದಲೇ ತಿಳಿಯಿತು.

“ಜೇನಿಗೂ ಸಕ್ರೆ ಏರ್ತದೆ. ಮಾತ್ರೆ ಬಿಡಿ ಅಂತ ಯಾರು ಹೇಳಿದ್ದು?”

“ನಿಮ್ಮಪ್ಪನೇ ಯೋಳವ್ನಲ್ಲ!” ಚಾಮುಂಡಮ್ಮ ಮೊಬೈಲು ಮುಂದೆ ಹಿಡಿದಳು.

ಹಗ್ಗ ಹಿಡಿದು ಬಂಡೆಯಿಂದ ಇಳಿಯುವ ಅವಳ ಅಪ್ಪ ಕೇತಯ್ಯ, ಹೊಗೆ, ಹೆಜ್ಜೇನು. ಆಮೇಲೆ ಕ್ಯಾಮೆರಾದ ಎದುರು ಅವನ ಮುಖ. “ಹದಿನೈದು ವರ್ಷಗಳ ಮಧುಮೇಹ ಈ ಜೇನಿನಿಂದ ಮಾಯವಾಯಿತು. ಮಾತ್ರೆಗಳನ್ನು ಎಸೆದುಬಿಟ್ಟೆ,” ಎನ್ನುತ್ತಿತ್ತು ಯಾರದೋ ನುಣುಪಾದ ದನಿ. ಕೆಳಗೆ ಕೊಳ್ಳಲು ಲಿಂಕ್. ಲಿಂಕಿನ ತುದಿಯಲ್ಲಿ ನಟರಾಜುವಿನ ಕೋಡ್.

ಜೇನನ್ನು ತಮ್ಮ ಪುಟಗಳಲ್ಲಿ ತೋರಿಸಿ ಮಾರಿಸುವವರಿಗೆ ಸಂಘ ಒಂದೊಂದು ಲಿಂಕ್ ಕೊಟ್ಟಿತ್ತು. ಅದರಿಂದ ಬಂದ ಆರ್ಡರಿಗೆಲ್ಲ ಅವರಿಗೆ ಕಮಿಷನ್. ಕೊಳ್ಳೇಗಾಲದಲ್ಲಿ ಅವಳ ಜೊತೆ ಓದಿದ್ದ ನಟರಾಜುವೇ ಎಲ್ಲರಿಗಿಂತ ಮುಂದಿದ್ದ. ಅವನ ಗಿರಾಕಿಗಳು ಫೋನು ಮಾಡಿ ಜೇನು ತಗೊಳ್ಳೋದು ಊಟಕ್ಕೆ ಮುಂಚೆಯೋ ಆಮೇಲೋ ಎಂದು ಯಾಕೆ ಕೇಳುತ್ತಿದ್ದರೆಂದು ಅವಳಿಗೆ ಈಗ ಹೊಳೆಯಿತು. ಕೂಡಲೇ ಅವನಿಗೆ ಫೋನು ಮಾಡಿದಳು.

“ಅಯ್ಯೋ, ಎಲ್ರೂ ಹಂಗೇ ಮಾಡೋದು ಕಣೇ. ಬರೀ ಜೇನು ಚೆನ್ನಾಗದೆ ಅಂದ್ರೆ ಯಾರು ಲಿಂಕ್ ಒತ್ತುತಾರೆ?”

“ಇಲ್ಲೊಬ್ರ ಕಾಲು ಕೊಳೀತಾ ಅದೆ, ನಟ.”

“ಡಾಕ್ಟ್ರ ಹತ್ರ ಹೋಗ್ಲಿ. ನನ್ನ ಲಿಂಕ್ ಮುಟ್ಟಿದ್ರೆ ನಿಮ್ ಜೇನು ಡಬ್ಬದಲ್ಲೇ ಕೂತಿರ್ತದೆ, ನೋಡ್ಕೋ.”

ಪವಿತ್ರ ಫೋನಿಟ್ಟು ಕಂಪ್ಯೂಟರಿನಲ್ಲಿ ಅವನ ಕೋಡ್ ತೆರೆದು ನಿಲ್ಲಿಸಿದಳು. ಆ ಕೋಡಿನಿಂದ ಬಂದು ಕಳಿಸಲು ಕಾದಿದ್ದ ಆರ್ಡರುಗಳನ್ನೂ ತಡೆಹಿಡಿದಳು. “ದೊಡ್ಡವ್ವ, ಆ ವಿಡಿಯೊ ಸುಳ್ಳು. ಹಿಂಗೇ ಕೊಳ್ಳೇಗಾಲದ ಆಸ್ಪತ್ರೆಗೆ ಹೋಗಿ.”

ಚಾಮುಂಡಮ್ಮನ ಮುಖ ಗಂಟಾಯಿತು. “ಜೇನಿಗೆ ಎಸ್ರು ಬಂತಲ್ಲ, ಈಗ ರೇಟು ಏರ್ಸಕೆ ಆಟ ಕಟ್ತಿದ್ದೀಯಾ? ಬುಡು, ಬೇರೆ ಕಡೆ ತಕತೀನಿ.”

“ಬಾ ಅತ್ಲಾಗೆ, ಮನೆಗೋಗವ,” ಎಂದ ಚಿಕ್ಕಸಿದ್ದಯ್ಯ ಆಟೋದಿಂದ.

ಗದ್ದಲ ಕೇಳಿ, ಒಳಗೆ ತನ್ನ ಹಾಡಿಯ ಕಾಳಿಯ ಜೊತೆ ಜೇನು ಸೋಸುತ್ತಿದ್ದ ಕೇತಯ್ಯ ಹೊರಬಂದ.

“ಅಗಾ, ಇವ್ನೇ! ನೀನಾದ್ರೂ ಯೋಳಪ್ಪ ನಿನ್ ಮಗಳ್ಗೆ.”

ಪವಿತ್ರ ಅಪ್ಪನಿಗೆ ವಿಡಿಯೊ ತೋರಿಸಿದಳು. ಅವನು ಕೊನೆಯವರೆಗೂ ನೋಡಿದ. “ಬಾಯಿ ನಂದು. ಮಾತು ನಂದಲ್ಲ.”

ಆಮೇಲೆ ಅವನು ಮಗಳ ಮುಖ ನೋಡಿದ. ಅವನ ಗುಟ್ಟು ಅವಳಿಗೆ ಗೊತ್ತಿತ್ತು, ಪೋಡಿನಲ್ಲಿ, ಅವರ ಹಾಡಿಯಲ್ಲಿ, ಬೇರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ, ತಲೆ ಸುತ್ತಿ ಬಿದ್ದಾನೆಂದು ಅವನನ್ನು ಇನ್ನು ಹಗ್ಗಕ್ಕೆ ಬಿಡುವುದಿಲ್ಲ. ಬಾಗಿಲಲ್ಲಿ ಕಾಳಿ ನಿಂತಿದ್ದಳು. ಕೇತಯ್ಯ ಇಳಿಯುವಾಗ ಬಂಡೆಯ ಮೇಲೆ ಹಗ್ಗ ಹಿಡಿಯುವವನು ಅವಳ ಗಂಡ.

ಕೇತಯ್ಯ ಅಂಗಿಯ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. “ನಂಗೂ ಅದೇ ಕಾಯ್ಲೆ ಕಣಕ್ಕ. ದಿನಾ ನುಂಗ್ತೀನಿ. ಜೇನು ಕೀಳ್ತೀನಿ, ನೆಕ್ಕಲ್ಲ.”

“ಒಂದ್ ಮಾತು ಯೋಳ್ನಿಲ್ವಲ್ಲಣ್ಣ,” ಎಂದಳು ಕಾಳಿ.

ಚಾಮುಂಡಮ್ಮ ಪಟ್ಟಿಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದಳು. ಮನೆಯಲ್ಲಿ ನಿಲ್ಲಿಸಿದ್ದೂ ಅದೇ ಬಣ್ಣದ ಮಾತ್ರೆ. ಪಟ್ಟಿಯನ್ನು ಮೇಜಿನ ಮೇಲಿಟ್ಟು ಹೋಗಿ ಆಟೋ ಹತ್ತಿದಳು. ಚಿಕ್ಕಸಿದ್ದಯ್ಯ ತಲೆ ಅಡ್ಡಡ್ಡ ಆಡಿಸುತ್ತಿದ್ದುದು, ಅವಳು ಅವನ ಭುಜ ಹಿಡಿದು ಏನೋ ಹೇಳುತ್ತಿದ್ದುದು ಕಾಣುತ್ತಿತ್ತು.

ಪವಿತ್ರ ನಟರಾಜುವಿನ ಕೋಡಿನಿಂದ ಕೊಂಡವರ ಮೊದಲ ನಂಬರು ಒತ್ತಿ ಫೋನನ್ನು ಕಿವಿಗಿಟ್ಟಳು. ಹೊರಗೆ ಕುಂತೂರಿನ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಆಟೋ ರಸ್ತೆಯಂಚಿಗೆ ಬಂದು, ಯಾವ ಕಡೆಗೂ ತಿರುಗಲಾರದೆ ಗುರುಗುಡುತ್ತ ನಿಂತಿತು. ಕೇತಯ್ಯ ಮಳಿಗೆಯಿಂದ ಇಳಿದು ನೇರ ರಸ್ತೆಯ ನಡುವಿಗೆ ಹೋಗಿ ಅಂಟು ಕೈಯನ್ನು ಎತ್ತಿದ. ಟ್ರ್ಯಾಕ್ಟರು ಕಿರುಗುಟ್ಟಿ ನಿಂತಿತು.

ಆಟೋ ಮೆಲ್ಲಗೆ ಮುಂದೆ ಬಂದು ಕೊಳ್ಳೇಗಾಲದ ಕಡೆಗೆ ತಿರುಗಿತು. ಟ್ರ್ಯಾಕ್ಟರಿನವನು ಹಾರ್ನ್ ಒತ್ತುತ್ತಲೇ ಇದ್ದ. ಕೇತಯ್ಯ ಕೈ ಇಳಿಸಲಿಲ್ಲ.